ಹಲ್ಲೇ ಬಾರದ ಬಾಯಲ್ಲಿ ಡಾಕ್ಟ್ರಿಗೆ ಎಂತ ಕೆಲಸ?

"ಎಂತ ಡಾಕ್ಟ್ರೇ, ಮಗುವಿಗೆ ಹಲ್ಲೇ ಬಂದಿಲ್ಲ. ನೀವು ಎಂತ ನೋಡುವುದು?"

ಮಂಗಳೂರಿನ ಹೊರವಲಯದ ಒಂದು ಅಂಗನವಾಡಿಯ ಜಗಲಿಯಲ್ಲಿ ಅಜ್ಜಿಯೊಬ್ಬರು ಹೀಗೆ ಕೇಳಿದರು. ಎದುರಿಗಿದ್ದದ್ದು ದಂತ ವೈದ್ಯಕೀಯದ ಒಬ್ಬಳು ಇಂಟರ್ನ್. ವಯಸ್ಸು ಇಪ್ಪತ್ಮೂರು ಇರಬಹುದು, ಊರವರ ಬಾಯಲ್ಲಿ ಆಗಲೇ ಡಾಕ್ಟ್ರು. ಅವಳು ಸುಮ್ನೆ ನಕ್ಕಳು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಮಗುವಿನ ಅಮ್ಮನ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

ತಂಗಿಯ ಏಳು ತಿಂಗಳ ಮಗನನ್ನು ಎತ್ತಿಕೊಂಡು ನಾನೂ ಅದೇ ಸಾಲಿನಲ್ಲಿದ್ದೆ. ಅಜ್ಜಿ ಕೇಳಿದ್ದು ನನ್ನ ಪ್ರಶ್ನೆಯೂ ಹೌದು. ಅವರಿಗೆ ಬಾಯಿ ಜೋರು, ನನಗೆ ನಾಚಿಕೆ, ಅಷ್ಟೇ ವ್ಯತ್ಯಾಸ.

ದಂತ ವಿದ್ಯಾರ್ಥಿಗಳು ನಮ್ಮ ಕಡೆಗೆ ಹೊಸಬರಲ್ಲ. ಮಣಿಪಾಲದ ದಂತ ಕಾಲೇಜು ಶುರುವಾದದ್ದು 1965ರಲ್ಲಿ. ದೇರಳಕಟ್ಟೆಯ ಎ.ಬಿ. ಶೆಟ್ಟಿ ಸ್ಮಾರಕ ಕಾಲೇಜು 1985ರಲ್ಲಿ ಬಂತು. ಮಂಗಳೂರು ಪೇಟೆಯಲ್ಲಿ ಮಣಿಪಾಲದವರದ್ದೇ ಇನ್ನೊಂದು 1987ರಲ್ಲಿ, ಯೇನೆಪೋಯ 1992ರಲ್ಲಿ. ಕುಂಟಿಕಾನ, ಮುಕ್ಕ, ಸುಳ್ಯದಲ್ಲೂ ದಂತ ಕಾಲೇಜುಗಳಿವೆ. ಶಾಲೆಯ ಅಂಗಳಕ್ಕೆ ಬಸ್ಸು ತಂದು ಮಕ್ಕಳ ಹಲ್ಲು ನೋಡುವುದು, ದೇವಸ್ಥಾನದ ಸಭಾಭವನದಲ್ಲೋ ಚರ್ಚ್ ಹಾಲ್‌ನಲ್ಲೋ ಮದ್ರಸದಲ್ಲೋ ಉಚಿತ ತಪಾಸಣೆ ಮಾಡುವುದು, ಇದನ್ನೆಲ್ಲ ನೋಡಿಯೇ ನಾವು ಬೆಳೆದದ್ದು. ಆದರೆ ಎದೆಹಾಲು ಕುಡಿಯುವ ಕೂಸಿಗೆ ಹಲ್ಲಿನ ಕ್ಲಿನಿಕ್ ಅಂದರೆ ಈಗಲೂ ಜನ ನಗುತ್ತಾರೆ.

ಹೊರಗಿನ ದೇಶಗಳಲ್ಲಿ ಇದು ಹಳೆಯ ವಿಷಯ. ಬ್ರೆಜಿಲ್‌ನ ಲೊಂಡ್ರಿನಾ ಊರಿನ ವಿಶ್ವವಿದ್ಯಾಲಯ 1980ರ ದಶಕದಲ್ಲೇ ಕೂಸುಗಳಿಗೆ ಅಂತಲೇ ದಂತ ಕ್ಲಿನಿಕ್ ತೆರೆದಿತ್ತು. ಅಮೆರಿಕದಲ್ಲಿ ದಂತ ವಿದ್ಯಾರ್ಥಿಗಳು ಬಡವರ ಆರೋಗ್ಯ ಕೇಂದ್ರಗಳಿಗೆ ಹೋಗಿ ಚಿಕ್ಕ ಮಕ್ಕಳನ್ನೂ ಅವರ ತಾಯಂದಿರನ್ನೂ ಒಟ್ಟಿಗೆ ನೋಡುತ್ತಾರೆ. ಮಕ್ಕಳ ದಂತವೈದ್ಯರು ಹೇಳುವ ಮಾತು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ಮೊದಲ ಹಲ್ಲು ಕಂಡ ಆರು ತಿಂಗಳ ಒಳಗೆ, ಹೆಚ್ಚೆಂದರೆ ಮೊದಲ ಹುಟ್ಟುಹಬ್ಬದ ಒಳಗೆ, ಒಮ್ಮೆ ಬಾಯಿ ತೋರಿಸಿ.

ಅಷ್ಟು ಅವಸರ ಯಾಕೆ?

ಬಿದ್ದು ಹೋಗುವ ಹಲ್ಲು ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಮಗಳಿಗೆ ಒಂದೂವರೆ ವರ್ಷ ಆಗಿದ್ದಾಗ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಕಾಣಿಸಿತು. ಸುಣ್ಣ ಬಳಿದ ಹಾಗೆ. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಮಗು ಅತ್ತಿತು, ಬಾಯಿ ಮುಚ್ಚಿತು. "ಹಾಲುಹಲ್ಲು ಅಲ್ವಾ, ಹೇಗೂ ಬೀಳ್ತದೆ. ಮೂರು ವರ್ಷ ಆಗಲಿ, ಆಮೇಲೆ ನೋಡುವ" ಅಂದರು. ನೆಮ್ಮದಿಯಿಂದ ಮನೆಗೆ ಬಂದೆ. ಮೂರು ವರ್ಷ ಆಗುವಷ್ಟರಲ್ಲಿ ಮುಂದಿನ ನಾಲ್ಕು ಹಲ್ಲು ಕಂದು ಬಣ್ಣಕ್ಕೆ ತಿರುಗಿ ಮುರಿಯತೊಡಗಿದ್ದವು. ರಾತ್ರಿ ನೋವಿನಿಂದ ಎದ್ದು ಅಳುತ್ತಿದ್ದಳು. ಕೊನೆಗೆ ಹಾಲುಹಲ್ಲಿಗೆ ರೂಟ್ ಕೆನಾಲ್ ಮಾಡಿಸಬೇಕಾಯಿತು. ಮೂರು ವರ್ಷದ ಮಗುವನ್ನು ಆ ಕುರ್ಚಿಯಲ್ಲಿ ಹಿಡಿದುಕೊಳ್ಳುವುದು ಎಂದರೆ ಏನು ಅಂತ ಹಿಡಿದವರಿಗೇ ಗೊತ್ತು ಮಾರಾಯ್ರೇ.

ಈಗ ಲೆಕ್ಕ ನೋಡಿ. ಹೆಚ್ಚಿನ ಮಕ್ಕಳಲ್ಲಿ ಆರು ತಿಂಗಳ ಆಚೆ ಈಚೆ ಕೆಳಗಿನ ಎರಡು ಮುಂದಿನ ಹಲ್ಲು ಬರುತ್ತವೆ. ಎರಡೂವರೆ, ಮೂರು ವರ್ಷಕ್ಕೆ ಒಟ್ಟು 20 ಹಾಲುಹಲ್ಲು. ಮುಂದಿನವು ಆರು ಏಳು ವರ್ಷಕ್ಕೆ ಬೀಳುತ್ತವೆ, ಅದು ನಿಜ. ಆದರೆ ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕು. ಅಂದರೆ ಐದನೇ ಆರನೇ ಕ್ಲಾಸಿನವರೆಗೂ ಮಗುವಿಗೆ ಜಗಿಯಲಿಕ್ಕೆ ಅವು ಬೇಕು. ಅವು ಬೇಗ ಹೋದರೆ ಅಕ್ಕಪಕ್ಕದ ಹಲ್ಲು ವಾಲಿಕೊಂಡು ಜಾಗ ಮುಚ್ಚುತ್ತವೆ, ಕೆಳಗಿನಿಂದ ಬರುವ ಹೊಸ ಹಲ್ಲಿಗೆ ದಾರಿ ಇಲ್ಲ. ಬಸ್ಸಿನಲ್ಲಿ ಸೀಟಿಗೆ ಇಟ್ಟ ಕರ್ಚೀಫಿನ ಹಾಗೆ ಹಾಲುಹಲ್ಲು ಜಾಗ ಹಿಡಿದು ಕೂತಿರುತ್ತದೆ.

ಇನ್ನೊಂದು ವಿಷಯ. ಹಾಲುಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮೆಲ್, ದೊಡ್ಡವರ ಹಲ್ಲಿನದ್ದಕ್ಕಿಂತ ಬಹಳ ತೆಳು, ಸುಮಾರು ಅರ್ಧ. ಆದ್ದರಿಂದ ಹುಳುಕು ಇಲ್ಲಿ ಓಡುತ್ತದೆ. ದೊಡ್ಡವರಲ್ಲಿ ವರ್ಷಗಟ್ಟಲೆ ಎಳೆಯುವ ಕೆಲಸ ಇಲ್ಲಿ ತಿಂಗಳುಗಳಲ್ಲಿ ಮುಗಿಯುತ್ತದೆ. "ಮೂರು ವರ್ಷ ಆಗಲಿ" ಅನ್ನುವ ಮಾತು ಅದಕ್ಕೇ ದುಬಾರಿ. ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 51 ಕೋಟಿ ಮಕ್ಕಳ ಹಾಲುಹಲ್ಲಿನಲ್ಲಿ ಹುಳುಕಿದೆ.

ಆಟಿ ತಿಂಗಳ ಬಟ್ಟೆ

ಹಲ್ಲಿಗೆ ಹುಳ ಹಿಡಿದಿದೆ ಅಂತ ನಾವು ಹೇಳುತ್ತೇವೆ. ಬೀಜದ ಹೊಗೆ ಹಾಕಿ ಹಲ್ಲಿನ ಹುಳ ತೆಗೆಯುವವರ ಕತೆ ನೀವೂ ಕೇಳಿರಬಹುದು. ಬಾಯಲ್ಲಿ ಹುಳ ಇರುವುದಿಲ್ಲ. ಇರುವುದು ಬ್ಯಾಕ್ಟೀರಿಯಾ. ಅವಕ್ಕೆ ನಾವು ತಿಂದ ಸಕ್ಕರೆಯೇ ಊಟ. ಉಂಡು ಆಮ್ಲ ಬಿಡುತ್ತವೆ. ಪಿಎಚ್ ಅಂದರೆ ಆಮ್ಲದ ಅಳತೆ, ಅದು ಇಳಿದಷ್ಟೂ ಆಮ್ಲ ಜಾಸ್ತಿ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್‌ನ ಸುಣ್ಣದಂಶ ಕರಗತೊಡಗುತ್ತದೆ. ಆಮೇಲೆ ಜೊಲ್ಲು ಬಂದು ಆಮ್ಲವನ್ನು ತೊಳೆಯುತ್ತದೆ, ಕರಗಿದ್ದನ್ನು ಸ್ವಲ್ಪ ಸ್ವಲ್ಪ ವಾಪಸ್ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಬೇಕು.

ಇಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಎಷ್ಟು ಸಕ್ಕರೆ ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ. ಆಟಿ ತಿಂಗಳಲ್ಲಿ, ಅಂದರೆ ತುಳುನಾಡಿನ ಜೋರು ಮಳೆಗಾಲದಲ್ಲಿ, ಬಟ್ಟೆ ಒಣಗಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಳಿಗ್ಗೆ ಒಂದು ಜೋರು ಮಳೆ ಸುರಿದು ಆಮೇಲೆ ನಾಲ್ಕು ಗಂಟೆ ಬಿಸಿಲು ಬಿದ್ದರೆ ಬಟ್ಟೆ ಒಣಗುತ್ತದೆ. ಅದೇ ಅರ್ಧ ಗಂಟೆಗೊಮ್ಮೆ ನಾಲ್ಕು ಹನಿ ಬೀಳುತ್ತಿದ್ದರೆ? ಬಿದ್ದ ನೀರು ಒಂದು ಚೊಂಬೂ ಇರಲಿಕ್ಕಿಲ್ಲ. ಬಟ್ಟೆ ಮಾತ್ರ ಮೂರು ದಿನ ಹಸಿ. ಹಲ್ಲೂ ಹಾಗೇ. ಊಟದ ಹೊತ್ತಿಗೆ ಒಂದು ಬಟ್ಟಲು ಬೆಲ್ಲ ಹಾಕಿದ ರಾಗಿ ಮಣ್ಣಿ ತಿಂದರೆ ಒಂದು ಮಳೆ. ಇಡೀ ದಿನ ಕೈಯಲ್ಲಿ ಬಿಸ್ಕತ್ತು ಹಿಡಿದು ಚೀಪುತ್ತಿದ್ದರೆ ದಿನವಿಡೀ ಹನಿ.

ನಮ್ಮ ಜಿಲ್ಲೆಗಳಲ್ಲಿ ಈ ಬಿಸ್ಕತ್ತಿಗೆ ಒಂದು ಕಾರಣ ಇದೆ. ಬೀಡಿ ಕಟ್ಟುವ ಮನೆಗಳನ್ನು ನೋಡಿದ್ದೀರಿ. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವ ಹೊತ್ತಿಗೆ ಲೆಕ್ಕ ತುಂಬಬೇಕು. ಮಡಿಲಲ್ಲಿ ಎಲೆ ಹೊಗೆಸೊಪ್ಪಿನ ತಡ್ಪೆ (ಮೊರ), ಪಕ್ಕದಲ್ಲಿ ತೆವಳುವ ಮಗು. ಅದು ತಡ್ಪೆಗೆ ಕೈ ಹಾಕದಂತೆ ಇರಬೇಕಾದರೆ ಕೈಗೆ ಏನಾದರೂ ಕೊಡಲೇಬೇಕು. ಐದು ರೂಪಾಯಿಯ ಬಿಸ್ಕತ್ತು ಮಗು ನೋಡುವ ಆಯಾಳ ಕೆಲಸ ಮಾಡುತ್ತದೆ. ಆ ತಾಯಿಗೆ "ಬಿಸ್ಕತ್ತು ಕೊಡಬೇಡಿ" ಅಂತ ಹೇಳಿ ಎದ್ದು ಹೋಗುವ ಡಾಕ್ಟರಿಗೆ ನನ್ನ ಮಟ್ಟಿಗೆ ಪಾಸ್ ಮಾರ್ಕು ಇಲ್ಲ.

ರಾತ್ರಿಯದ್ದು ಬೇರೆಯೇ ಕತೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗಿದರೆ ಆ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನ ಮುಂದಿನ ಹಲ್ಲು ಸಾಮಾನ್ಯವಾಗಿ ಬಚಾವಾಗುತ್ತದೆ, ಯಾಕೆಂದರೆ ಚೀಪುವಾಗ ನಾಲಿಗೆ ಅದರ ಮೇಲೆ ಹಾಸಿಕೊಂಡಿರುತ್ತದೆ, ಜೊಲ್ಲಿನ ಗ್ರಂಥಿಯೂ ಅಲ್ಲೇ ಹತ್ತಿರ. ಮೇಲಿನ ನಾಲ್ಕು ಹಾಳು, ಕೆಳಗಿನ ನಾಲ್ಕು ಲಕಲಕ. ಇದನ್ನು ಕಂಡ ಕೂಡಲೇ ದಂತವೈದ್ಯರಿಗೆ ಗೊತ್ತಾಗುತ್ತದೆ ಇದು ಬಾಟಲಿಯ ಕೆಲಸ ಅಂತ.

ಎದೆಹಾಲಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ತಪ್ಪು ಅರ್ಥ ಆಗುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಮತ್ತು ಅದರಾಚೆಗೂ ಕೊಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಹಲ್ಲಿನ ನೆಪ ಹೇಳಿ ಎದೆಹಾಲು ಬಿಡಿಸಬೇಕಾಗಿಲ್ಲ. ಹಲ್ಲು ಬಂದ ಮೇಲೆ ಮಲಗುವ ಮುಂಚೆ ಬಾಯಿ ಒರೆಸಿರಬೇಕು, ಹಗಲಿನ ಸಿಹಿ ಹಿಡಿತದಲ್ಲಿರಬೇಕು, ಅಷ್ಟೇ.

ಮಡಿಲಿನಲ್ಲೇ ತಪಾಸಣೆ

ಈಗ ಜಗಲಿಗೆ ವಾಪಸ್ ಬರೋಣ. ಆ ಹುಡುಗಿ ಮೊಣಕಾಲು ತಾಗಿಸಿ ಕೂತದ್ದು ಸುಮ್ನೆ ಅಲ್ಲ. ಮಗು ಅಮ್ಮನ ಕಡೆ ಮುಖ ಮಾಡಿ, ಕಾಲುಗಳನ್ನು ಅಮ್ಮನ ಸೊಂಟದ ಎರಡೂ ಬದಿಗೆ ಹಾಕಿ ಕೂರುತ್ತದೆ. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಾಗಿಸಿ ತಲೆಯನ್ನು ವಿದ್ಯಾರ್ಥಿನಿಯ ಮಡಿಲಿಗೆ ಇಳಿಸುತ್ತಾರೆ. ಅಮ್ಮ ಮಗುವಿನ ಕೈ ಹಿಡಿದಿರುತ್ತಾಳೆ, ಮೊಣಕೈಯಿಂದ ಕಾಲು ಒತ್ತಿಕೊಂಡಿರುತ್ತಾಳೆ. ಮಗುವಿಗೆ ಮೇಲೆ ನೋಡಿದರೆ ಅಮ್ಮನ ಮುಖವೇ ಕಾಣುತ್ತದೆ. ಇಬ್ಬರ ಮಡಿಲು ಸೇರಿ ಒಂದು ತೊಟ್ಟಿಲು. ಡೆಂಟಲ್ ಕುರ್ಚಿ ಬೇಡ, ಕರೆಂಟು ಬೇಡ. ಒಂದು ಟಾರ್ಚು, ಒಂದು ಚಿಕ್ಕ ಕನ್ನಡಿ, ಗ್ಲೌಸ್, ಒದ್ದೆ ಬಟ್ಟೆ ಸಾಕು.

ಮಗು ಅಳುತ್ತದೆ. ಅಳಲಿ. ಅತ್ತರೆ ಬಾಯಿ ದೊಡ್ಡದಾಗಿ ತೆರೆಯುತ್ತದೆ, ನೋಡುವವರಿಗೆ ಸಲೀಸು. ಹೊಸ ವಿದ್ಯಾರ್ಥಿಗಳಿಗೆ ಮಾತ್ರ ಮೊದಮೊದಲು ಕೈ ನಡುಗುತ್ತದೆ. ಕಾಲೇಜಿನ ಮಕ್ಕಳ ವಿಭಾಗಕ್ಕೆ ಬರುವವರು ಹೆಚ್ಚಾಗಿ ನಾಲ್ಕೈದು ವರ್ಷ ದಾಟಿದವರು, ಮಾತು ಕೇಳುವವರು. ಎಂಟು ತಿಂಗಳ ಕೂಸನ್ನು ಮಡಿಲಲ್ಲಿ ಹಾಕಿಕೊಳ್ಳುವುದನ್ನು ಪುಸ್ತಕ ಓದಿ ಕಲಿಯಲಿಕ್ಕೆ ಆಗುವುದಿಲ್ಲ.

ಇಡೀ ತಪಾಸಣೆ ಒಂದೆರಡು ನಿಮಿಷದ್ದು. ಮೊದಲು ಮೇಲಿನ ತುಟಿ ಎತ್ತಿ ವಸಡಿನ ಅಂಚು ನೋಡುತ್ತಾರೆ. ನನ್ನ ಮಗಳಿಗೆ ಕಂಡಿದ್ದ ಬಿಳಿ ಗೆರೆ ಇದೆಯೋ ಅಂತ. ಆ ಗೆರೆಯೇ ಹುಳುಕಿನ ಮೊದಲ ಗುರುತು. ಸುಣ್ಣದಂಶ ಹೋಗಿದೆ, ಆದರೆ ಇನ್ನೂ ತೂತಾಗಿಲ್ಲ. ಈ ಹಂತದಲ್ಲಿ ಸಿಕ್ಕಿದರೆ ಡ್ರಿಲ್ ಬೇಡ, ಸೂಜಿ ಬೇಡ, ವಾಪಸ್ ಗಟ್ಟಿ ಮಾಡಬಹುದು. ಇದನ್ನು ತಿಂಗಳಿಗೊಮ್ಮೆ ಮನೆಯಲ್ಲಿ ನೀವೇ ನೋಡಬಹುದು. ತುಟಿ ಎತ್ತಿ, ಬೆಳಕಿಗೆ ಹಿಡಿದು ನೋಡಿ. ಯಾರಾದರೂ ನನಗೆ ಇದೊಂದನ್ನು ಆಗ ಹೇಳಿಕೊಟ್ಟಿದ್ದರೆ!

ಹಲ್ಲೇ ಬಾರದ ಬಾಯಲ್ಲೂ ನೋಡಲಿಕ್ಕೆ ಸಾಕಷ್ಟು ಇದೆ. ವಸಡಿನ ಮೇಲೆ ಅಕ್ಕಿ ನುಚ್ಚಿನಂಥ ಬಿಳಿ ಗುಳ್ಳೆ ಕಂಡು ಅಮ್ಮಂದಿರು ಹಲ್ಲು ಬಂತು ಅಂತ ತಿಳಿಯುತ್ತಾರೆ. ಅದು ಹಲ್ಲಲ್ಲ, ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ನಾಲಿಗೆಯ ಕೆಳಗಿನ ಪದರ ಬಿಗಿಯಾಗಿ ಹಾಲು ಎಳೆಯಲಿಕ್ಕೆ ತೊಂದರೆ ಆಗುತ್ತಿದೆಯೋ, ಬಾಯಲ್ಲಿ ಬಿಳಿ ಅಗ್ರ ಕೂತಿದೆಯೋ, ಅಂಗುಳಿನ ಹಿಂದೆ ಎಲ್ಲಾದರೂ ಸೀಳು ಇದೆಯೋ ನೋಡುತ್ತಾರೆ. ಅಪರೂಪಕ್ಕೆ ಹುಟ್ಟುವಾಗಲೇ ಹಲ್ಲಿರುವ ಮಕ್ಕಳೂ ಇರುತ್ತಾರೆ. ಅದಕ್ಕೆ ಶಕುನ ಅಪಶಕುನ ಎಲ್ಲ ಅಂಟಿಸುತ್ತೇವೆ. ಹೆಚ್ಚಿನ ಸಲ ಅದು ಬೇಗ ಬಂದ ಮಾಮೂಲಿ ಹಾಲುಹಲ್ಲು. ಬಹಳ ಅಲ್ಲಾಡುತ್ತಿದ್ದರೆ, ನುಂಗಿ ಉಸಿರಿಗೆ ಸಿಕ್ಕೀತು ಅನ್ನುವ ಭಯ ಇದ್ದರೆ ಮಾತ್ರ ತೆಗೆಯುತ್ತಾರೆ. ಅದನ್ನೂ ಆಸ್ಪತ್ರೆಯಲ್ಲಿ, ಮಕ್ಕಳ ಡಾಕ್ಟರನ್ನು ಕೇಳಿಯೇ. ಮನೆಯಲ್ಲಿ ದಾರ ಕಟ್ಟಿ ಎಳೆಯುವ ಸಾಹಸ ದಯವಿಟ್ಟು ಬೇಡ.

ಹಲ್ಲು ಬಂದವರಿಗೆ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. ಹೆಸರು ಕೇಳಿ ಮರದ ಬಾಗಿಲು ನೆನಪಾದರೆ ತಪ್ಪಿಲ್ಲ, ಅದರಲ್ಲೂ ಹೆಚ್ಚಾಗಿ ಮರದ ರಾಳ ಇರುತ್ತದೆ. ಹಲ್ಲನ್ನು ಬಟ್ಟೆಯಿಂದ ಒರೆಸಿ, ಚಿಕ್ಕ ಬ್ರಶ್ಶಿನಲ್ಲಿ ಬಳಿದರೆ ಮುಗಿಯಿತು. ಜೊಲ್ಲು ತಾಗಿದ ಕೂಡಲೇ ಅಂಟಿಕೊಳ್ಳುತ್ತದೆ. ಅದರಿಂದ ಫ್ಲೋರೈಡ್ ಮೆಲ್ಲಗೆ ಇಳಿದು ಎನಾಮೆಲ್‌ಗೆ ಸೇರುತ್ತದೆ. ಹಲ್ಲು ಒಂದು ದಿನ ಹಳದಿ ಕಾಣಬಹುದು. ಆ ರಾತ್ರಿ ಬ್ರಶ್ ಮಾಡಬಾರದು, ಗಟ್ಟಿ ತಿಂಡಿ ಕೊಡಬಾರದು. ಮೂರು ಅಥವಾ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

"ಫ್ಲೋರೈಡ್ ವಿಷ ಅಲ್ವಾ?" ಅಂತ ಸಾಲಿನಲ್ಲಿದ್ದ ಒಬ್ಬರು ಅಪ್ಪ ಕೇಳಿದರು. ಕೋಲಾರದ ಕಡೆ ಕೆಲಸದಲ್ಲಿದ್ದವರಂತೆ. ಅವರ ಭಯಕ್ಕೆ ಆಧಾರ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ಪಾವಗಡದ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಲೆ ಬೀಳುತ್ತದೆ, ಇನ್ನೂ ಜಾಸ್ತಿಯಾದರೆ ಮೂಳೆಗೂ ತೊಂದರೆ. ವಾರ್ನಿಶ್ ಹಾಗಲ್ಲ. ಅದು ದಿನಾ ಕುಡಿಯುವುದಲ್ಲ, ವರ್ಷಕ್ಕೆ ಎರಡರಿಂದ ನಾಲ್ಕು ಸಲ ಹಲ್ಲಿನ ಮೇಲೆ ಬಳಿಯುವುದು. ಸಾಂದ್ರತೆ 22,600 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಅಂತ ಓದಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಒಂದು ಮಗುವಿಗೆ ಬಳಸುವುದು ಹೆಚ್ಚೆಂದರೆ ಕಾಲು ಮಿಲಿಲೀಟರ್. ಕೆಲವು ಹನಿ ಮಾತ್ರ.

ಮನೆಯ ಪೇಸ್ಟಿನ ಲೆಕ್ಕವೂ ಇದೇ. ಹಲ್ಲು ಬರುವ ಮುಂಚೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಒದ್ದೆ ಮಾಡಿ ವಸಡು ಒರೆಸಿದರೆ ಸಾಕು. ಮೊದಲ ಹಲ್ಲು ಬಂದ ಮೇಲೆ ಫ್ಲೋರೈಡ್ ಇರುವ ಪೇಸ್ಟು, ಒಂದು ಅಕ್ಕಿ ಕಾಳಿನಷ್ಟು, ದಿನಕ್ಕೆ ಎರಡು ಸಲ. ಮೂರು ವರ್ಷದ ಮೇಲೆ ಬಟಾಣಿಯಷ್ಟು. ಟಿವಿ ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಹಾವಿನ ಹಾಗೆ ಸುತ್ತಿ ಇಡುತ್ತಾರಲ್ಲ, ಅದು ಪೇಸ್ಟು ಬೇಗ ಖಾಲಿ ಆಗಲಿ ಅಂತ.

ಇಲ್ಲಿ ಡ್ರಿಲ್ಲಿಗಿಂತ ಬಾಯಿಗೇ ಕೆಲಸ ಜಾಸ್ತಿ

ದಂತವೈದ್ಯರಾಗಲು ಓದುವ ಬಿಡಿಎಸ್ ಪದವಿ ಅಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೂರನೇ ವರ್ಷದಿಂದ ರೋಗಿಗಳನ್ನು ನೋಡತೊಡಗುತ್ತಾರೆ. ಅಲ್ಲಿಂದ ಅವರ ತಲೆಯಲ್ಲಿ ಓಡುವ ಪದ ಒಂದೇ, ಕೋಟಾ. ಇಷ್ಟು ಹಲ್ಲು ಕೀಳಬೇಕು, ಇಷ್ಟು ಫಿಲ್ಲಿಂಗ್, ಇಷ್ಟು ಕ್ಲೀನಿಂಗ್. ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕಷ್ಟ. ಕೂಸುಗಳ ಕ್ಲಿನಿಕ್ಕಿನಲ್ಲಿ ಕೀಳಲಿಕ್ಕೆ ಹಲ್ಲಿಲ್ಲ, ತುಂಬಿಸಲಿಕ್ಕೆ ತೂತಿಲ್ಲ. ಇಡೀ ಬೆಳಿಗ್ಗೆ ದುಡಿದರೂ ಕೋಟಾಕ್ಕೆ ಸೊನ್ನೆ. ಆದರೂ ಬಸ್ಸು ಹತ್ತಿ ಬರುವವರು ಬರುತ್ತಾರೆ. ಅವರನ್ನು ಕಂಡರೆ ನನಗೆ ಗೌರವ ಬಂದದ್ದು ಇದು ಗೊತ್ತಾದ ಮೇಲೆ.

ಮಾತಾಡುವುದು ಇಲ್ಲಿನ ಮುಖ್ಯ ಚಿಕಿತ್ಸೆ. ಅದೇ ಅವರಿಗೆ ಬಹಳ ಕಷ್ಟ. ಕಾಲೇಜಿನಿಂದ ಹೊಸದಾಗಿ ಬಂದವರು ಒಂದೇ ಉಸಿರಿಗೆ ಹತ್ತು ಬುದ್ಧಿಮಾತು ಹೇಳುತ್ತಾರೆ. ತಾಯಿ ತಲೆ ಆಡಿಸುತ್ತಾಳೆ, ಗೇಟು ದಾಟುವಾಗ ಹತ್ತೂ ಮರೆತಿರುತ್ತದೆ. ಜೊತೆಗೆ ಬಂದಿದ್ದ ಮೇಡಮ್ಮು ಕಲಿಸುತ್ತಿದ್ದದ್ದು ಬೇರೆ. ಮೊದಲು ಕೇಳು. ಮಗು ಯಾರ ಹತ್ತಿರ ಇರುತ್ತದೆ, ರಾತ್ರಿ ಎಷ್ಟು ಸಲ ಏಳುತ್ತದೆ, ಬಾಟಲಿಗೆ ಎಂತ ಹಾಕುತ್ತೀರಿ, ಔಷಧಿ ಸಿರಪ್ ಯಾವುದಾದರೂ ಇದೆಯೋ. ಆಮೇಲೆ ಅಮ್ಮನೇ ಒಂದನ್ನು ಆರಿಸಲಿ, ಮುಂದಿನ ಸಲ ಬರುವಷ್ಟರಲ್ಲಿ ಅವಳಿಂದ ಆಗುವಂಥದ್ದು. ಒಂದೇ ಒಂದು.

ಬೀಡಿ ಕಟ್ಟುವ ಆ ತಾಯಿಗೆ ಬಿಸ್ಕತ್ತು ಪೂರ್ತಿ ನಿಲ್ಲಿಸುವುದು ಆಗದ ಮಾತು. ಬಿಸ್ಕತ್ತು ಊಟದ ಜೊತೆಗೆ ಮಾತ್ರ, ನಡುವೆ ಕೈಗೆ ಬೇಯಿಸಿದ ಕ್ಯಾರೆಟ್ ತುಂಡೋ ದೋಸೆಯ ಚೂರೋ ಕೊಡಬಹುದಲ್ವಾ ಅಂತ ಮಾತು ಬಂತು. "ದೋಸೆ ಆದೀತು" ಅಂದಳು ಅವಳು. ಬಾಟಲಿ ಬಿಡಿಸುವ ಇನ್ನೊಬ್ಬಳಿಗೆ ದಿನಕ್ಕೆ ಒಂದು ಚಮಚ ಸಕ್ಕರೆ ಕಡಿಮೆ, ಆಮೇಲೆ ಸ್ವಲ್ಪ ಸ್ವಲ್ಪ ನೀರು, ಕೊನೆಗೆ ಬರೀ ನೀರು.

ಮನೆಯಲ್ಲಿ ತೀರ್ಮಾನ ಮಾಡುವುದು ಹೆಚ್ಚಾಗಿ ಅಜ್ಜಿ. ಅಜ್ಜಿಯನ್ನು ಬಿಟ್ಟು ಅಮ್ಮನಿಗೆ ಮಾತ್ರ ಹೇಳಿದರೆ ಅದು ನೀರಿನ ಮೇಲೆ ಬರೆದ ಹಾಗೆ. ಅಜ್ಜಿಯಂದಿರ ಹತ್ತಿರ ಮಾತಾಡಲಿಕ್ಕೆ ಭಾಷೆಯೂ ಬೇಕು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ ತುಳುವಿನಲ್ಲಿ "ಕೂಲಿ" ಅಂತ ಕೇಳಿ, ಇವರಿಗೆ ಇವತ್ತಿನ ಕೂಲಿ ತಪ್ಪಿತು ಅಂತ ಬೇಸರ ಇರಬೇಕು ಅಂದುಕೊಂಡನಂತೆ. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು! ಕೊಂಕಣಿಯವರು ದಾಂತ್ ಅನ್ನುತ್ತಾರೆ. ಕೇರಳದಿಂದ ಬಂದ ಹುಡುಗಿಯರು ಬ್ಯಾರಿ ಮನೆಯವರ ಜೊತೆ ಹೇಗೋ ಸಂಭಾಳಿಸುತ್ತಾರೆ, ಬ್ಯಾರಿ ಭಾಷೆ ಮಲಯಾಳಕ್ಕೆ ಹತ್ತಿರ, ಹಾಗಾಗಿ ಆ ಹುಡುಗಿಯರಿಗೆ ಹಲ್ಲಿನ ಪದ ಹೊಸದಲ್ಲ.

ಎದುರಾಗುವ ನಂಬಿಕೆಗಳನ್ನು ನಗೆಯಾಡಿದರೆ ಕೆಲಸ ಕೆಟ್ಟಿತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕಂಟಕ ಅನ್ನುವುದು ಹಲವು ಮನೆಗಳಲ್ಲಿದೆ. ಕೆಲವು ಮಕ್ಕಳಿಗೆ ಮೇಲಿನದ್ದೇ ಮೊದಲು ಬರುತ್ತದೆ, ಅದರಲ್ಲಿ ದೋಷ ಇಲ್ಲ ಅಂತ ಹೇಳಿ ಮುಂದೆ ಹೋಗುತ್ತಾರೆ. ಮಾವನೂ ಬದುಕಿಕೊಳ್ಳುತ್ತಾನೆ. ಅಪಾಯದ ನಂಬಿಕೆ ಬೇರೆ ಇದೆ. ಹಲ್ಲು ಬರುವಾಗ ಜ್ವರ, ಭೇದಿ ಸಹಜ ಅನ್ನುವುದು. ಹಲ್ಲು ಬರುವಾಗ ವಸಡು ಕೆಂಪಾಗುತ್ತದೆ, ಜೊಲ್ಲು ಸುರಿಯುತ್ತದೆ, ಮಗು ಕಿರಿಕಿರಿ ಮಾಡುತ್ತದೆ. ಜೋರು ಜ್ವರ ಬರುವುದಿಲ್ಲ. ಅಮ್ಮನಿಂದ ಬಂದ ರೋಗನಿರೋಧಕ ಶಕ್ತಿ ಕಡಿಮೆಯಾಗುವುದು, ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದು, ಹಲ್ಲು ಬರುವುದು ಮೂರೂ ಒಂದೇ ಕಾಲಕ್ಕೆ ಆಗುತ್ತವೆ. ಬೈಗುಳ ಮಾತ್ರ ಹಲ್ಲಿಗೆ. "ಹಲ್ಲಿನ ಜ್ವರ" ಅಂತ ಎರಡು ದಿನ ಸುಮ್ಮನಿದ್ದರೆ ನಿಜವಾದ ಸೋಂಕು ಕೈಮೀರಬಹುದು. ವಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್ಲೂ ಎರಡು ವರ್ಷದ ಒಳಗಿನವರಿಗೆ ಬೇಡ. ಶುಭ್ರ ಒದ್ದೆ ಬಟ್ಟೆ ತಣ್ಣಗೆ ಮಾಡಿ ಕಚ್ಚಲಿಕ್ಕೆ ಕೊಡಿ. ಒಂದು ವರ್ಷದ ಒಳಗೆ ಜೇನು ನೆಕ್ಕಿಸುವುದೂ ಬೇಡ. ಅದು ಹಲ್ಲಿನ ವಿಷಯ ಅಲ್ಲ, ಬಾಟುಲಿಸಂ ಎಂಬ ಅಪರೂಪದ ಆದರೆ ಜೀವಕ್ಕೇ ಬರುವ ರೋಗದ ಭಯ.

ಅಮ್ಮನ ಬಾಯಿಯನ್ನೂ ನೋಡುತ್ತಾರೆ. ಹುಳುಕು ಮಾಡುವ ಬ್ಯಾಕ್ಟೀರಿಯಾ ಮಗುವಿಗೆ ಹೆಚ್ಚಾಗಿ ಬರುವುದು ಮನೆಯವರಿಂದಲೇ, ಅದರಲ್ಲೂ ತಾಯಿಯಿಂದ. ಹಾಗಂತ ಚಮಚ ಹಂಚಿಕೊಂಡದ್ದಕ್ಕೆ, ಮುತ್ತು ಕೊಟ್ಟದ್ದಕ್ಕೆ ತಾಯಂದಿರನ್ನು ತಪ್ಪಿತಸ್ಥರ ಹಾಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ಮನೆಯಲ್ಲಿ ಬದುಕುವವರ ಜೊಲ್ಲು ಒಂದಲ್ಲ ಒಂದು ದಾರಿಯಲ್ಲಿ ಸೇರಿಯೇ ಸೇರುತ್ತದೆ. ಅಮ್ಮನ ಹುಳುಕು ಹಲ್ಲಿಗೆ ಚಿಕಿತ್ಸೆ ಕೊಡಿಸಿದರೆ ಇಬ್ಬರಿಗೂ ಲಾಭ.

ಬ್ಯಾನರ್ ಕಟ್ಟಿದ ಕ್ಯಾಂಪು ಸಾಲದು

ಇದರಲ್ಲಿ ಕೊರತೆಗಳೂ ಇವೆ. ವಿದ್ಯಾರ್ಥಿಗಳ ಪೋಸ್ಟಿಂಗ್ ಕೆಲವೇ ವಾರದ್ದು. ಈ ತಿಂಗಳು ನಗುತ್ತಾ ಮಾತಾಡಿಸಿದ ಹುಡುಗಿ ಮೂರು ತಿಂಗಳ ಮೇಲೆ ಬಂದರೆ ಇರುವುದಿಲ್ಲ. ಹೊಸ ಮುಖ ಮತ್ತೆ ಮೊದಲಿನಿಂದ ಅದೇ ಪ್ರಶ್ನೆ ಕೇಳುತ್ತದೆ. ತಾಯಿಗೆ ಬೇಸರ ಬರುವುದು ಸಹಜ ಅಲ್ವಾ? ಒಂದು ದಿನದ ಕ್ಯಾಂಪಿನದ್ದು ಇನ್ನೂ ಕಷ್ಟ. ಬ್ಯಾನರ್ ಕಟ್ಟಿ, ಫೋಟೋ ತೆಗೆದು, ಪೇಸ್ಟು ಹಂಚಿ ಹೋದರೆ ಶಾಲಾ ಮಕ್ಕಳಿಗೆ ಸ್ವಲ್ಪವಾದರೂ ಉಪಯೋಗ ಇದ್ದೀತು. ಕೂಸುಗಳಿಗೆ ಅದು ಸಾಲದು. ವಾರ್ನಿಶ್ ಒಂದು ಸಲ ಹಚ್ಚಿ ಬಿಟ್ಟರೆ ಹೆಚ್ಚು ಪ್ರಯೋಜನ ಇಲ್ಲ. ಒಂದು ಸಲ ಹೇಳಿದ ಮಾತಿಗೂ ಅದೇ ಗತಿ.

ಹಾಗಾಗಿ ಇದನ್ನು ಆಗಲೇ ನಡೆಯುತ್ತಿರುವ ಯಾವುದಾದರೂ ಒಂದಕ್ಕೆ ಕಟ್ಟಬೇಕು. ಲಸಿಕೆಯ ದಿನಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಚುಚ್ಚುಮದ್ದು, ಆ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಮುಂದಿನ ಹಲ್ಲು ಬಂದಿರುತ್ತದೆ. 16ರಿಂದ 24 ತಿಂಗಳ ನಡುವೆ ಮುಂದಿನ ಡೋಸುಗಳು, ಆಗ ದವಡೆ ಹಲ್ಲು ಬರುತ್ತಿರುತ್ತದೆ. ತಾಯಂದಿರು ಹೇಗೂ ಬಂದೇ ಬರುತ್ತಾರೆ. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ತುಟಿ ಎತ್ತಿ ನೋಡುವುದನ್ನು ಕಲಿಸಿಕೊಟ್ಟರೆ ವಿದ್ಯಾರ್ಥಿ ಬದಲಾದರೂ ಕೊಂಡಿ ತಪ್ಪುವುದಿಲ್ಲ. ಅವರು ಆ ಊರಿನವರೇ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದಾಗಲೇ ಮಕ್ಕಳಲ್ಲಿ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲು, ಸೀಳುತುಟಿ ಎರಡನ್ನೂ ಸೇರಿಸಿದೆ. ದಾರಿ ಇದೆ, ನಡೆಯುವವರು ಬೇಕು.

ಜಗಲಿಯಲ್ಲಿ ಏನು ಮಾಡುವುದಿಲ್ಲ ಅನ್ನುವುದೂ ಗೊತ್ತಿರಲಿ. ಹಲ್ಲು ಕೀಳುವುದಿಲ್ಲ, ಡ್ರಿಲ್ ಹಾಕುವುದಿಲ್ಲ. ತೂತಾದ ಹಲ್ಲು ಕಂಡರೆ ಕಾಲೇಜಿನ ಮಕ್ಕಳ ವಿಭಾಗಕ್ಕೆ ಚೀಟಿ ಬರೆದು ಕಳಿಸುತ್ತಾರೆ. ಅಲ್ಲಿ ಕೆಲವೊಮ್ಮೆ ಬೆಳ್ಳಿ ಸೇರಿದ ಒಂದು ಫ್ಲೋರೈಡ್ ದ್ರವ ಹಚ್ಚಿ ಹುಳುಕನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ನೋವಿಲ್ಲ, ಡ್ರಿಲ್ ಇಲ್ಲ, ಆದರೆ ಹುಳುಕಾದ ಜಾಗ ಕಪ್ಪಾಗಿ ಉಳಿಯುತ್ತದೆ. ಮುಂದಿನ ಹಲ್ಲಾದರೆ ಫೋಟೋದಲ್ಲಿ ಕಾಣುತ್ತದೆ ಅಂತ ಕೆಲವರು ಬೇಡ ಅನ್ನುತ್ತಾರೆ. ಬೇಕೋ ಬೇಡವೋ ಅನ್ನುವುದು ಮನೆಯವರಿಗೆ ಬಿಟ್ಟದ್ದು. ಇನ್ನು, ವಿದ್ಯಾರ್ಥಿ ಏನೇ ಮಾಡಲಿ, ಪಕ್ಕದಲ್ಲಿ ಓದು ಮುಗಿಸಿದ ಡಾಕ್ಟರ್ ಒಬ್ಬರು ಇರಲೇಬೇಕು. ಇಲ್ಲದಿದ್ದರೆ ಎಲ್ಲಿದ್ದಾರೆ ಅಂತ ಕೇಳಿ, ಸಂಕೋಚ ಬೇಡ.

ಹೋಗುವುದಾದರೆ ಮಗು ನಿದ್ದೆ ಮುಗಿಸಿ ಎದ್ದ ಹೊತ್ತು ನೋಡಿ ಹೋಗಿ. ಹಾಲು ಕುಡಿಸಿದ ಕೂಡಲೇ ಮಲಗಿಸಿ ಬಾಯಿ ನೋಡಿದರೆ ಕಕ್ಕುತ್ತದೆ, ಒಂದು ಗಂಟೆ ಬಿಡಿ. ತಾಯಿ ಕಾರ್ಡ್ ಕೈಯಲ್ಲಿರಲಿ. ಮಗು ಕುಡಿಯುತ್ತಿರುವ ಸಿರಪ್ಪಿನ ಬಾಟಲಿಯನ್ನೂ ತನ್ನಿ. ಕಬ್ಬಿಣದ ಸಿರಪ್ಪಿನಿಂದ ಹಲ್ಲು ಕಪ್ಪಾದರೆ ಅದು ಹುಳುಕಲ್ಲ, ಉಜ್ಜಿ ತೆಗೆಯಬಹುದು, ಬಾಟಲಿ ನೋಡಿದರೆ ಅವರಿಗೆ ಬೇಗ ಗೊತ್ತಾಗುತ್ತದೆ. ಇನ್ನೊಂದು ಜೊತೆ ಅಂಗಿಯೂ ಇರಲಿ.

ತಂಗಿಯ ಮಗನ ಕೆಳಗಿನ ವಸಡಿನಲ್ಲಿ ಎರಡು ಬಿಳಿ ಅಂಚು ಆಗಲೇ ಕಾಣುತ್ತಿತ್ತು, ನಮಗೆ ಗೊತ್ತೇ ಇರಲಿಲ್ಲ. ಹುಡುಗಿ ಮೊದಲು ಪ್ರಶ್ನೆ ಕೇಳಿದ್ದ ಅಜ್ಜಿಯನ್ನೂ ಕರೆದು ಅವರ ಬೆರಳಿನಿಂದಲೇ ಮುಟ್ಟಿಸಿದಳು, ಮಗು ಅವರ ಮನೆಯದ್ದಲ್ಲ ಅಂತ ನೋಡದೆ. ಅಜ್ಜಿ ಬೆರಳು ಹೊರಗೆ ತೆಗೆದು, "ಕಚ್ಚಿತು ಮಾರಾಯ್ತಿ" ಅಂದರು. ಆಮೇಲೆ ತಮ್ಮ ಮೊಮ್ಮಗಳ ಸರದಿ ಬಂದಾಗ ತಾವೇ ಕುರ್ಚಿಯಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ಮೊಣಕಾಲು ಮುಂದೆ ಮಾಡಿದರು.